ಅಡುಗೆಮನೆ ಪ್ರಶ್ನೋತ್ತರ: ಬ್ರೆಡ್ಡಿನ ಒಳಗೆ ಬೀನ್ಸ್ ಕರಿ

ಹೋದ ಸಂಚಿಕೆಯಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಊರಿನ ಬನ್ನಿ ಚೌ ಬಗ್ಗೆ ಸ್ವಲ್ಪ ಬರೆದಿದ್ದೆ. ಬ್ರೆಡ್ಡಿನ ತಿರುಳು ತೆಗೆದು, ಆ ಗುಳಿಗೆ ಬಿಸಿ ಕರಿ ತುಂಬಿ, ಕೈಯಲ್ಲೇ ಮುರಿದು ತಿನ್ನುವ ಊಟ ಅದು. ಕಬ್ಬಿನ ತೋಟಕ್ಕೆ ಕೂಲಿಗೆಂದು ಹೋದವರು, ಅಂಗಡಿ ಇಡಲು ಹೋದವರು, ಹೀಗೆ ಅಲ್ಲೇ ನೆಲೆಸಿದ ಭಾರತೀಯರ ನಡುವೆ ಹುಟ್ಟಿದ್ದು. ಅಳತೆ ಏನೂ ಕೊಟ್ಟಿರಲಿಲ್ಲ. ಅದಕ್ಕೇ ಇರಬೇಕು, ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ. ನಮ್ಮ ಯಜಮಾನರ ಕೆಲಸದ ಕಾರಣ ಡರ್ಬನ್‌ನಲ್ಲಿ ಸಂಸಾರ ಮಾಡಿದವಳು ನಾನು. ಈ ಅಡುಗೆ ಕಲಿತದ್ದು ಪಕ್ಕದ ಮನೆಯ ಆಂಟಿಯ ಹತ್ತಿರ. ಅವರ ಮುತ್ತಜ್ಜ ವಿಶಾಖಪಟ್ಟಣದ ಕಡೆಯವರು, ಮದ್ರಾಸಿನಲ್ಲಿ ಹಡಗು ಹತ್ತಿದವರು.

ಪ್ರಶ್ನೆ: ಅಕ್ಕಾ, ನೀವು ಬರೆದದ್ದು ಓದಿ ಭಾನುವಾರ ಮಾಡಿದೆ. ಮಿಲ್ಕ್ ಬ್ರೆಡ್ ತಂದಿದ್ದೆ. ಸ್ಲೈಸ್ ಆಗಿತ್ತು, ಒತ್ತಿ ಹಿಡಿದು ಒಳಗೆ ಕೊರೆದೆ. ಕರಿ ಹಾಕಿದ ಕೂಡಲೇ ಬ್ರೆಡ್ ಕುಸಿದು ತಟ್ಟೆ ತುಂಬಾ ಹರಿಯಿತು. ಎಲ್ಲಿ ಎಡವಿದೆ? (ಓದುಗರು, ತುಮಕೂರು)

ಕರಿ ಸರಿಯಾಗೇ ಇದ್ದಿರಬೇಕು. ತೊಂದರೆ ಬ್ರೆಡ್ಡಿನದು. ಸ್ಲೈಸ್ ಆದ ಬ್ರೆಡ್ಡಿನಲ್ಲಿ ಇದು ಆಗುವ ಕೆಲಸವಲ್ಲ. ಎಷ್ಟು ಒತ್ತಿ ಹಿಡಿದರೂ ಸಂದಿ ಸಂದಿಯಲ್ಲಿ ಗ್ರೇವಿ ಇಳಿಯುತ್ತದೆ. ಮಿಲ್ಕ್ ಬ್ರೆಡ್ ಬೇರೆ ತುಂಬಾ ಮೆತ್ತಗೆ.

ಈ ವಿಷಯದಲ್ಲಿ ನಾವು ಅದೃಷ್ಟವಂತರು. ನಮ್ಮೂರುಗಳಲ್ಲಿ ಅಯ್ಯಂಗಾರ್ ಬೇಕರಿಗಳಿವೆ. ಬ್ರೆಡ್ ಒಲೆಯಿಂದ ಇಳಿಸುವ ಹೊತ್ತು ಕೇಳಿಕೊಂಡು ಹೋಗಿ, "ಕಟ್ ಮಾಡದ ಸಾಲ್ಟ್ ಬ್ರೆಡ್ ಎತ್ತಿಡಿ" ಅಂತ ಹೇಳಿಬಿಡಿ. ಸ್ವೀಟ್ ಬ್ರೆಡ್ ಬೇಡ, ಆ ಸಿಹಿ ಈ ಖಾರಕ್ಕೆ ಹೊಂದುವುದಿಲ್ಲ. ಬೆಳಿಗ್ಗೆ ಬೇಯಿಸಿದ ಬ್ರೆಡ್ಡನ್ನು ಸಂಜೆ ಬಳಸಿ. ಬಿಸಿ ಬ್ರೆಡ್ಡಿನ ತಿರುಳು ಅಂಟಂಟಾಗಿರುತ್ತದೆ, ಕೀಳುವಾಗ ಗೋಡೆಯೂ ಜೊತೆಗೆ ಬರುತ್ತದೆ.

ಬ್ರೆಡ್ಡನ್ನು ಅಡ್ಡಕ್ಕೆ ಎರಡು ತುಂಡು ಮಾಡಿ. ಒಂದೊಂದು ತುಂಡನ್ನೂ ಗಟ್ಟಿ ಸಿಪ್ಪೆ ಕೆಳಗೆ ಬರುವ ಹಾಗೆ ನಿಲ್ಲಿಸಿ. ಈಗ ಕತ್ತರಿಸಿದ ಮುಖ ಮೇಲಿರುತ್ತದೆ. ಅಂಚಿನಿಂದ ಒಂದು ಬೆರಳು ಬಿಟ್ಟು ಸಣ್ಣ ಚಾಕುವಿನಿಂದ ಸುತ್ತಲೂ ಗೆರೆ ಹಾಕಿ. ಆಮೇಲೆ ಚಾಕು ಕೆಳಗಿಟ್ಟು, ಬೆರಳು ಇಳಿಸಿ, ತಿರುಳನ್ನು ಒಂದೇ ಮುದ್ದೆಯಾಗಿ ಎಳೆದು ತೆಗೆಯಿರಿ. ತಳದಲ್ಲಿ ಎರಡು ಬೆರಳು ದಪ್ಪ ಉಳಿಯಲೇಬೇಕು. ಆ ಮುದ್ದೆಯನ್ನು ಎಸೆಯಬೇಡಿ, ಕರಿ ತುಂಬಿದ ಮೇಲೆ ಅದನ್ನೇ ಮುಚ್ಚಳದ ಹಾಗೆ ಮೇಲಿಡಬೇಕು.

ತುಂಬುವುದಕ್ಕೂ ಒಂದು ಕ್ರಮ ಇದೆ. ಮೊದಲು ಆಲೂಗಡ್ಡೆ ಹೋಳುಗಳನ್ನು ತಳಕ್ಕೆ ಹಾಕಿ, ಚಮಚದಿಂದ ಸ್ವಲ್ಪ ಒತ್ತಿ. ಅದು ಮೆತ್ತಿಕೊಂಡು ತಳ ಭದ್ರವಾಗುತ್ತದೆ. ಅದರ ಮೇಲೆ ಬೀನ್ಸ್, ಅಂದರೆ ಬೇಯಿಸಿದ ರಾಜ್ಮಾ ಕಾಳು. ಕೊನೆಗೆ ಗ್ರೇವಿ. ಮನೆಯವರೆಲ್ಲ ಬಂದು ಕೂತ ಮೇಲೆಯೇ ತುಂಬಿ. ತುಂಬಿಟ್ಟು ಕರೆಯಲು ಹೋಗಬೇಡಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಬನ್ನಿ ಅಂದರೆ ಮೊಲ. ಹೆಸರು ನೋಡಿದರೆ ಮೊಲದ ಮಾಂಸ ಇರಬಹುದು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ. (ಗೃಹಿಣಿ, ಶಿರಸಿ)

ಮೊಲ ಇಲ್ಲಮ್ಮ. ಡರ್ಬನ್‌ನ ಗುಜರಾತಿ ವರ್ತಕರನ್ನು ಬನಿಯಾ ಅನ್ನುತ್ತಿದ್ದರು, ಆ ಹೆಸರೇ ತಿರುಚಿಕೊಂಡು ಬನ್ನಿ ಆಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಬೀನ್ಸ್ ಹಾಕಿದ್ದೇ ಮೊದಲಿನದು, ಮಾಂಸ ಬಂದದ್ದು ಆಮೇಲೆ ಅನ್ನುವುದೂ ಅಲ್ಲಿಯ ಹಿರಿಯರ ಮಾತು. ಬ್ರೆಡ್ಡಿಗೆ ಮೊಟ್ಟೆ ಹಾಕಿಲ್ಲವೆಂದು ಬೇಕರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ನಿಶ್ಚಿಂತೆಯಿಂದ ಮಾಡಿ.

ಪ್ರಶ್ನೆ: ಪೂರ್ತಿ ಅಳತೆ ಕೊಡಿ ಮೇಡಂ. ಮಸಾಲೆಪುಡಿಯದ್ದೂ ಸೇರಿಸಿ. ನಾಲ್ಕು ಜನರಿಗೆ ಸಾಕಾಗುವಷ್ಟು. (ಓದುಗರು, ದಾವಣಗೆರೆ; ಇದೇ ಪ್ರಶ್ನೆ ಹಾಸನ, ಬೀದರ್, ಪುತ್ತೂರಿನಿಂದಲೂ ಬಂದಿದೆ)

ಮೊದಲು ಕಾಳು. ಡರ್ಬನ್‌ನಲ್ಲಿ ಬಳಸುವುದು ಶುಗರ್ ಬೀನ್ಸ್. ತಿಳಿ ಬಣ್ಣದ ಮೇಲೆ ಕೆಂಪು ಚುಕ್ಕೆ ಗೀಟು ಇರುವ ಕಾಳು. ನಮ್ಮ ಅಂಗಡಿಗಳಲ್ಲಿ ಚಿತ್ರಾ ರಾಜ್ಮಾ ಅಂತ ಸಿಗುತ್ತದಲ್ಲ, ಅದು ಇದಕ್ಕೆ ಬಹಳ ಹತ್ತಿರ. ಕಡು ಕೆಂಪು ರಾಜ್ಮಾ ಬೇಡ, ಅದರ ಸಿಪ್ಪೆ ದಪ್ಪ. ಚಿತ್ರಾ ಬೆಂದಾಗ ಬೆಣ್ಣೆಯ ಹಾಗೆ ಕರಗಿ ಗ್ರೇವಿಗೆ ಮಂದ ಕೊಡುತ್ತದೆ.

ಮಸಾಲೆಪುಡಿಗೆ ನನ್ನ ಅಳತೆ ಹೀಗಿದೆ: ಬ್ಯಾಡಗಿ ಮೆಣಸಿನಕಾಯಿ 50 ಗ್ರಾಂ, ಗುಂಟೂರು 25 ಗ್ರಾಂ, ಕೊತ್ತಂಬರಿ ಬೀಜ 50 ಗ್ರಾಂ, ಜೀರಿಗೆ 20 ಗ್ರಾಂ, ಸೋಂಪು 15 ಗ್ರಾಂ, ಮೆಂತ್ಯ ಒಂದು ಚಮಚ, ಕಾಳುಮೆಣಸು ಒಂದು ಚಮಚ, ಬೆರಳುದ್ದದ ಚಕ್ಕೆ ಮೂರು, ಲವಂಗ ಎಂಟು, ಏಲಕ್ಕಿ ಆರು, ಚಕ್ರಮೊಗ್ಗು ಒಂದು. ಎಲ್ಲವನ್ನೂ ಬೇರೆ ಬೇರೆಯಾಗಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಕಪ್ಪಾಗುವವರೆಗೆ ಹುರಿಯಬೇಡಿ. ಡರ್ಬನ್ ಕರಿಯ ಬಣ್ಣ ಕೆಂಪು, ಮೆಣಸಿನಕಾಯಿ ಸೀದರೆ ಆ ಕೆಂಪು ಹೋಗಿಬಿಡುತ್ತದೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿಡಿ. ಈ ಪುಡಿ ಹಲವು ಸಲದ ಅಡುಗೆಗೆ ಬರುತ್ತದೆ.

ಇನ್ನು ಕರಿ. 250 ಗ್ರಾಂ ಚಿತ್ರಾ ರಾಜ್ಮಾ ರಾತ್ರಿ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಐದಾರು ಕೂಗು ಬರಿಸಿ. ಕಾಳನ್ನು ಎರಡು ಬೆರಳ ನಡುವೆ ಹಿಡಿದರೆ ತಾನಾಗಿ ನುಣ್ಣಗಾಗಬೇಕು. ಬೆಂದ ನೀರನ್ನು ಎತ್ತಿಟ್ಟುಕೊಳ್ಳಿ.

ದಪ್ಪ ತಳದ ಪಾತ್ರೆಯಲ್ಲಿ ಐದು ದೊಡ್ಡ ಚಮಚ ಎಣ್ಣೆ ಕಾಯಿಸಿ. ಎಣ್ಣೆ ಜಾಸ್ತಿ ಆಯ್ತು ಅನ್ನಿಸುತ್ತದೆ, ಆದರೂ ಅಷ್ಟು ಬೇಕು. ಮಸಾಲೆಯ ಬಣ್ಣ, ರುಚಿ ಎಲ್ಲ ಎಣ್ಣೆಗೆ ಇಳಿಯಬೇಕಾದದ್ದು. ಎರಡು ತುಂಡು ಚಕ್ಕೆ, ಒಂದು ಪಲಾವ್ ಎಲೆ, ಒಂದು ಚಮಚ ಜೀರಿಗೆ, ಅರ್ಧ ಚಮಚ ಸೋಂಪು ಹಾಕಿ. ಅವು ಸಿಡಿದ ಮೇಲೆ ಎರಡು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಎರಡು ಹಸಿಮೆಣಸಿನಕಾಯಿ ಸೀಳಿದ್ದು, ಒಂದು ಕಡ್ಡಿ ಕರಿಬೇವು. ಈರುಳ್ಳಿ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿರಿ. ಆಮೇಲೆ ಒಂದೂವರೆ ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟು, ಅರ್ಧ ಚಮಚ ಅರಿಸಿನ.

ಈಗ ಒಲೆ ಸಣ್ಣ ಮಾಡಿ ಮೂರು ದೊಡ್ಡ ಚಮಚ ಮಸಾಲೆಪುಡಿ ಹಾಕಿ. ಇಲ್ಲಿ ಪಾತ್ರೆ ಬಿಟ್ಟು ಕದಲಬೇಡಿ. ಅರ್ಧ ನಿಮಿಷಕ್ಕೆ ಪುಡಿ ಘಮ್ಮೆನ್ನುತ್ತದೆ, ಒಂದು ನಿಮಿಷಕ್ಕೆ ಸೀಯುತ್ತದೆ. ಆಂಟಿ ಇದೇ ಜಾಗದಲ್ಲಿ ಎರಡು ಚಮಚ ನೀರು ಚಿಮುಕಿಸುತ್ತಿದ್ದರು. ಪುಡಿ ಸೀಯದೆ ಎಣ್ಣೆಯಲ್ಲಿ ಅರಳುತ್ತದೆ. ನಾನೂ ಹಾಗೇ ಮಾಡುತ್ತೇನೆ. ಆಮೇಲೆ ಮೂರು ಟೊಮೇಟೊ ತುರಿದು ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿ.

ಮೂರು ಆಲೂಗಡ್ಡೆ ಸಿಪ್ಪೆ ತೆಗೆದು ನಾಲ್ಕು ನಾಲ್ಕು ಹೋಳು ಮಾಡಿ ಹಾಕಿ. ಚಿಕ್ಕ ಹೋಳು ಬೇಡ. ಆಲೂಗಡ್ಡೆ ಇಲ್ಲಿ ಗ್ರೇವಿ ಕುಡಿಯುವುದಕ್ಕೆಂದೇ ಇರುವುದು. ಉಪ್ಪು, ಬೇಯಿಸಿದ ಕಾಳು, ಎತ್ತಿಟ್ಟ ನೀರು ಎರಡು ಲೋಟ ಸೇರಿಸಿ ಮುಚ್ಚಿಡಿ. ಆಲೂಗಡ್ಡೆ ಬೆಂದ ಮೇಲೆ ಸೌಟಿನ ಹಿಂಬದಿಯಿಂದ ಒಂದು ಹಿಡಿ ಕಾಳನ್ನು ಪಾತ್ರೆಯ ಪಕ್ಕಕ್ಕೆ ಒತ್ತಿ ಮಸೆಯಿರಿ. ಗ್ರೇವಿ ಮಂದವಾಗುತ್ತದೆ. ಸಾರಿನ ಹಾಗೆ ಹರಿಯಬಾರದು, ಪಲ್ಯದ ಹಾಗೆ ಗಟ್ಟಿಯೂ ಆಗಬಾರದು. ಸೌಟಿನಿಂದ ಸುರಿದರೆ ತಡೆದು ತಡೆದು ಬೀಳಬೇಕು. ಒಲೆ ಆರಿಸಿ ಕೊತ್ತಂಬರಿ ಸೊಪ್ಪು ಹಾಕಿ, ಕಾಲು ಗಂಟೆ ಹಾಗೇ ಬಿಡಿ. ತುಂಬುವ ಮೊದಲು ಬೇಕಾದರೆ ಬೆಚ್ಚಗೆ ಮಾಡಿಕೊಳ್ಳಿ.

400 ಗ್ರಾಮಿನ ಎರಡು ಬ್ರೆಡ್ ತಂದರೆ ನಾಲ್ಕು ಜನರಿಗೆ ಅರ್ಧರ್ಧ ಬರುತ್ತದೆ. ಡರ್ಬನ್‌ನಲ್ಲಿ ಕ್ವಾರ್ಟರ್, ಹಾಫ್, ಫುಲ್ ಅಂತ ಕೇಳಿ ಕೊಳ್ಳುವುದು. ಅಲ್ಲಿಯ ಬ್ರೆಡ್ ನಮ್ಮದಕ್ಕಿಂತ ದೊಡ್ಡದು, ಹಾಗಾಗಿ ಒಬ್ಬರಿಗೆ ಕ್ವಾರ್ಟರ್ ಸಾಕು.

ಜೊತೆಗೆ ಕ್ಯಾರೆಟ್ ಸಾಂಬಲ್ಸ್ ಇರಲೇಬೇಕು. ತುರಿದ ಕ್ಯಾರೆಟ್, ತೆಳ್ಳಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಒಂದು ಚಮಚ ವಿನೆಗರ್. ಅಷ್ಟೇ. ಇದರ ಹುಳಿ ಇಲ್ಲದಿದ್ದರೆ ಅರ್ಧಕ್ಕೇ ಬಾಯಿ ಸೋಲುತ್ತದೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ರಾಜ್ಮಾ ಎಷ್ಟು ಕೂಗು ಬರಿಸಿದರೂ ಒಳಗೆ ಗಟ್ಟಿ. ಸ್ಲೋ ಕುಕ್ಕರ್ ತಂದಿದ್ದೇವೆ, ಅದರಲ್ಲಿ ರಾತ್ರಿಯಿಡೀ ಇಟ್ಟರೆ ಮೆತ್ತಗಾಗುತ್ತದಾ? (ಓದುಗರು, ಕೋಲಾರ)

ದಯವಿಟ್ಟು ಹಾಗೆ ಮಾಡಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಒಂದು ವಿಷದ ಅಂಶ ಇರುತ್ತದೆ. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಕಡಿಮೆ ಬಿಸಿಗೆ ನಾಶವಾಗುವುದಿಲ್ಲ, ಬದಲಿಗೆ ಹೆಚ್ಚಾಗಲೂಬಹುದು. ಅರೆಬೆಂದ ಕಾಳು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿಯುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲೇ ಬೇಯಿಸಿ. ಕುಕ್ಕರ್ ಇಲ್ಲದವರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಅರ್ಧ ಗಂಟೆ ಹಾಗೇ ಕುದಿಸಿ, ಆಮೇಲೆ ಉರಿ ಇಳಿಸಿ ಮೆತ್ತಗಾಗುವವರೆಗೆ ಬೇಯಿಸಬೇಕು.

ಗಟ್ಟಿ ಉಳಿಯುವುದಕ್ಕೆ ನಿಮ್ಮ ನೀರು ಕಾರಣ ಇರಬಹುದು. ಗಡಸು ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಕುಡಿಯುವ ಫಿಲ್ಟರ್ ನೀರಿನಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ಚಿಟಿಕೆ ಅಡುಗೆ ಸೋಡಾ ಹಾಕಬಹುದು, ಜಾಸ್ತಿ ಬೇಡ, ಸೋಪಿನ ರುಚಿ ಬರುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೇ ಕಾಳು ಏನು ಮಾಡಿದರೂ ಬೇಯುವುದಿಲ್ಲ. ಇನ್ನೊಂದು ಮಾತು. ಕಾಳು ಪೂರ್ತಿ ಬೇಯುವ ಮೊದಲು ಟೊಮೇಟೊ, ಹುಣಸೆಹಣ್ಣು ಹತ್ತಿರ ತರಬೇಡಿ. ಹುಳಿ ಬಿದ್ದರೆ ಕಾಳು ಅಲ್ಲಿಗೇ ನಿಂತುಬಿಡುತ್ತದೆ.

ಪ್ರಶ್ನೆ: ನಮ್ಮ ಜನ ರೊಟ್ಟಿ, ಅನ್ನ ಬಿಟ್ಟು ಬ್ರೆಡ್ಡಿಗೆ ಹೋದದ್ದು ಹೇಗೆ? ಅದರ ಹಿನ್ನೆಲೆ ತಿಳಿಸಿದರೆ ಉಪಕಾರ. (ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬಾ ಸಂತೋಷವಾಯಿತು. ಅಳತೆಗಿಂತ ಇದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ.

1860ರ ನವೆಂಬರ್ 16ರಂದು ಟ್ರೂರೋ ಅನ್ನುವ ಹಡಗು ಮದ್ರಾಸಿನಿಂದ ಡರ್ಬನ್ ಮುಟ್ಟಿತು. ಆಗ ಆ ಪ್ರಾಂತ್ಯ ನಟಾಲ್, ಬ್ರಿಟಿಷರ ವಸಾಹತು. ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಕೂಲಿಗಳನ್ನು ಕರೆದೊಯ್ದರು. 1911ರಲ್ಲಿ ಅದು ನಿಲ್ಲುವ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಹೆಚ್ಚಿನವರು ತಮಿಳು, ತೆಲುಗು ಸೀಮೆಯವರು. ಕಲ್ಕತ್ತೆಯಿಂದ ಹೋದ ಹಡಗುಗಳಲ್ಲಿ ಬಿಹಾರ, ಉತ್ತರಪ್ರದೇಶದ ಕಡೆಯವರು. ಇವರ ಹಿಂದೆಯೇ ತಮ್ಮ ಸ್ವಂತ ಖರ್ಚಿನಲ್ಲಿ ಗುಜರಾತಿನ ವರ್ತಕರೂ ಹೋದರು. ಗಾಂಧೀಜಿ 1893ರಲ್ಲಿ ಡರ್ಬನ್‌ಗೆ ಹೋದದ್ದು ಇಂಥ ಒಬ್ಬ ವರ್ತಕರ ಮೊಕದ್ದಮೆಯ ಕೆಲಸಕ್ಕೆ. ಊರಿನ ಗ್ರೇ ಸ್ಟ್ರೀಟ್ ಭಾರತೀಯರ ಅಂಗಡಿ, ಹೋಟೆಲು, ಮಸೀದಿಗಳ ಬೀದಿಯಾಯಿತು. ಈಗ ಅದರ ಹೆಸರು ಡಾ. ಯೂಸುಫ್ ದಾದೂ ಸ್ಟ್ರೀಟ್.

ಬನ್ನಿ ಚೌ ಹುಟ್ಟಿದ್ದು ಈ ಬೀದಿಯ ಸುತ್ತಮುತ್ತ. ಯಾರು ಮೊದಲು ಮಾಡಿದರು ಅನ್ನುವುದಕ್ಕೆ ಅಲ್ಲಿ ಹಲವು ಕಥೆಗಳಿವೆ. ಗಾಲ್ಫ್ ಮೈದಾನದಲ್ಲಿ ಚೀಲ ಹೊರುವ ಹುಡುಗರಿಗೆ ಊಟಕ್ಕೆ ಊರೊಳಗೆ ಹೋಗಿ ಬರಲು ಬಿಡುವಿರಲಿಲ್ಲ, ಅವರಿಗೆ ಹೀಗೆ ಬ್ರೆಡ್ಡಿನಲ್ಲಿ ಕರಿ ತಂದುಕೊಡುತ್ತಿದ್ದರು ಅನ್ನುವುದು ಒಂದು. ಇನ್ನೊಂದು ವರ್ಣಭೇದದ ಕಾಲದ್ದು. ಕಪ್ಪು ವರ್ಣದ ಜನ ಹೋಟೆಲಿನ ಒಳಗೆ ಕೂತು ಉಣ್ಣುವಂತಿರಲಿಲ್ಲ. ಊಟವನ್ನು ಕಿಟಕಿಯಿಂದಲೋ ಹಿಂಬಾಗಿಲಿನಿಂದಲೋ ಕೊಡಬೇಕಿತ್ತು. ಎಸೆಯುವ ಡಬ್ಬಿ, ಕವರು ಇಲ್ಲದ ಕಾಲ. ಬಟ್ಟಲಲ್ಲಿ ಕೊಟ್ಟರೆ ಅದು ವಾಪಸ್ ಬರಬೇಕು. ರೊಟ್ಟಿಯಲ್ಲಿ ಸುತ್ತಿದರೆ ಗ್ರೇವಿ ನಿಲ್ಲುವುದಿಲ್ಲ. ಬ್ರೆಡ್ಡಾದರೆ ಪಾತ್ರೆಯೂ ಅದೇ, ಊಟವೂ ಅದೇ. ಬೆಲೆಯೂ ಕಡಿಮೆ. ಹೆಚ್ಚಿನ ಕಥೆಗಳು 1940ರ ದಶಕದ ಆಸುಪಾಸಿನವು.

ನನ್ನ ಮನಸ್ಸು ಒಪ್ಪುವುದು ಈ ಎರಡನೆಯ ಕಥೆಯನ್ನು. ಆಂಟಿ ಆ ದಿನಗಳನ್ನು ಕಂಡವರು. 1950ರಲ್ಲಿ ಬಂದ ಗ್ರೂಪ್ ಏರಿಯಾಸ್ ಕಾನೂನು ಯಾವ ಬಣ್ಣದವರು ಎಲ್ಲಿ ಬದುಕಬೇಕು ಅಂತ ಗೆರೆ ಎಳೆಯಿತು. ಅವರ ಮನೆಯವರು ಡರ್ಬನ್‌ನ ಕೇಟೋ ಮ್ಯಾನರ್‌ನಲ್ಲಿದ್ದ ತೋಟ, ಮನೆ ಬಿಟ್ಟು ಭಾರತೀಯರಿಗೆಂದು ಗೊತ್ತುಮಾಡಿದ ಚಾಟ್ಸ್‌ವರ್ತ್ ಬಡಾವಣೆಗೆ ಹೋಗಬೇಕಾಯಿತು. ನಾವಿದ್ದ ಬೀದಿಗೆ ಬಂದದ್ದು ಆ ಕಾನೂನೆಲ್ಲ ಹೋದ ಮೇಲೆ. ಬಂದವರು ಹಿತ್ತಲಲ್ಲಿ ಮೊದಲು ನೆಟ್ಟದ್ದು ಕರಿಬೇವು. ಅವರಿಗೆ ತೆಲುಗು ಬರುತ್ತಿರಲಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತು. ಆದರೆ ಒಗ್ಗರಣೆಗೆ ಕರಿಬೇವು ಬಿದ್ದಾಗ ಒಂದು ಹೆಜ್ಜೆ ಹಿಂದೆ ಸರಿಯುವ ರೀತಿ ಥೇಟ್ ನಮ್ಮ ಅಜ್ಜಿಯದು.

ಪ್ರಶ್ನೆ: ತೆಂಗಿನಕಾಯಿ ರುಬ್ಬಿ ಹಾಕಿದರೆ ಇನ್ನೂ ರುಚಿ ಬರಲ್ವಾ? (ಓದುಗರು, ಕುಂದಾಪುರ)

ಬರುತ್ತದೆ, ಆದರೆ ಅದು ಬೇರೆ ಅಡುಗೆ. ಡರ್ಬನ್‌ನ ಮನೆಗಳಲ್ಲಿ ಈ ಕರಿಗೆ ಮಂದ ಬರುವುದು ಈರುಳ್ಳಿ, ಟೊಮೇಟೊ, ಕಾಳು, ಆಲೂಗಡ್ಡೆಯಿಂದ. ಕಾಯಿ ರುಬ್ಬಿದ ಗ್ರೇವಿ ಬ್ರೆಡ್ಡಿಗೆ ಇಳಿದರೆ ಭಾರವಾಗುತ್ತದೆ, ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ಒಂದು ಸಲ ಕಾಯಿ ಇಲ್ಲದೆ ಮಾಡಿ ನೋಡಿ.

ಪ್ರಶ್ನೆ: ಬ್ರೆಡ್ಡಿನ ಒಳಗೆ ಬೆಣ್ಣೆ ಸವರಿ ಓವನ್‌ನಲ್ಲಿ ಗರಿಗರಿ ಮಾಡಿ, ಮೇಲೆ ಚೀಸ್ ಹಾಕಿದರೆ ಮಕ್ಕಳು ಇಷ್ಟಪಡುತ್ತಾರೆ ಅಲ್ವಾ? (ಓದುಗರು, ಬೆಂಗಳೂರು)

ಮಕ್ಕಳು ಚೀಸ್ ಹಾಕಿದ ಎಲ್ಲವನ್ನೂ ಇಷ್ಟಪಡುತ್ತಾರೆ. ಆದರೆ ನಾನು ಬೇಡ ಅನ್ನುತ್ತೇನೆ. ಬ್ರೆಡ್ ಗರಿಗರಿಯಾದರೆ ಗ್ರೇವಿ ಹೀರುವುದಿಲ್ಲ. ಗ್ರೇವಿ ಹೀರಿ, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಆದ ಆ ಗೋಡೆಯಲ್ಲೇ ಇದರ ರುಚಿ ಪೂರ್ತಿ ಇರುವುದು. ಇದು ಕೂಲಿ ಕೆಲಸದವರ ಊಟ. ಅಗ್ಗದ ಬ್ರೆಡ್, ಅಗ್ಗದ ಕಾಳು, ಒಳ್ಳೆ ಮಸಾಲೆ. ಅದರ ಮೇಲೆ ಏನು ಹೇರಿದರೂ ಮಸಾಲೆ ಮಂಕಾಗುತ್ತದೆ. ಮಕ್ಕಳಿಗೆ ಖಾರ ಕಡಿಮೆ ಮಾಡಬೇಕಿದ್ದರೆ ಗುಂಟೂರು ಬಿಟ್ಟು ಬ್ಯಾಡಗಿ ಮಾತ್ರ ಹಾಕಿ. ಚಿಕ್ಕ ಕೈಗಳಿಗೆ ದೊಡ್ಡ ಬ್ರೆಡ್ ಕಷ್ಟ, ಬೇಕರಿಯ ಸಿಹಿ ಇಲ್ಲದ ಗುಂಡು ಬನ್ನಿನ ತಲೆ ಕತ್ತರಿಸಿ ಒಳಗೆ ತುಂಬಿ ಕೊಡಿ.

ಪ್ರಶ್ನೆ: ಚಳಿಗಾಲದಲ್ಲಿ ರಾಜ್ಮಾ ಬದಲು ಅವರೆಕಾಳು ಹಾಕಬಹುದಾ? (ಓದುಗರು, ಮಂಡ್ಯ)

ಧಾರಾಳವಾಗಿ. ಸೊಗಡಿನ ಅವರೆಗೆ ಈ ಮಸಾಲೆ ಚೆನ್ನಾಗಿ ಹೊಂದುತ್ತದೆ, ನಾನು ಪ್ರತಿ ಚಳಿಗಾಲ ಮಾಡುತ್ತೇನೆ. ಡರ್ಬನ್‌ನಲ್ಲೂ ಒಂದೇ ಕಾಳು ಅಂತ ನಿಯಮ ಇಲ್ಲ, ಬೇಳೆ ತುಂಬಿದ ಬನ್ನಿಯೂ ಸಿಗುತ್ತದೆ. ಹಸಿ ಅವರೆಯನ್ನು ನೇರವಾಗಿ ಟೊಮೇಟೊ ಜೊತೆ ಹಾಕಬೇಡಿ, ಬೇರೆ ಬೇಯಿಸಿಕೊಳ್ಳಿ. ರಾಜ್ಮಾದಷ್ಟು ಮಂದ ಬರುವುದಿಲ್ಲ, ಆದ್ದರಿಂದ ನೀರು ಕಡಿಮೆ, ಆಲೂಗಡ್ಡೆ ಒಂದು ಜಾಸ್ತಿ. ಹಿತಕಿದ ಬೇಳೆಯಾದರೆ ಪೂರ್ತಿ ಕರಗಿಹೋಗುತ್ತದೆ, ಸಿಪ್ಪೆ ಸಮೇತ ಇರಲಿ.

ಪ್ರಶ್ನೆ: ಮಟನ್ ಹಾಕಿ ಮಾಡುವ ವಿಧಾನ ಹೇಳಿ ಅಕ್ಕ. ಮೂಳೆ ತೆಗೆಯಬೇಕಾ? (ಓದುಗರು, ಕೊಪ್ಪಳ)

ಮೂಳೆ ಇರಲಿ. ಗ್ರೇವಿಗೆ ಸತ್ವ ಬರುವುದೇ ಅದರಿಂದ. 750 ಗ್ರಾಂ ಮಾಂಸ, ಸಣ್ಣ ತುಂಡು ಮಾಡಿಸಿ. ಮಸಾಲೆ ಅರಳಿದ ಕೂಡಲೇ, ಟೊಮೇಟೊಗಿಂತ ಮೊದಲು, ಮಾಂಸ ಹಾಕಿ ಜೋರು ಉರಿಯಲ್ಲಿ ಬಾಡಿಸಿ. ನೀರು ಹಾಕದೆ ಮುಚ್ಚಿ, ಅದು ಬಿಡುವ ನೀರಿನಲ್ಲೇ ಇಪ್ಪತ್ತು ನಿಮಿಷ ಬೇಯಲಿ. ಆಮೇಲೆ ಟೊಮೇಟೊ, ಬಿಸಿನೀರು. ಮಾಂಸ ಮುಕ್ಕಾಲು ಬೆಂದ ಮೇಲೆ ಆಲೂಗಡ್ಡೆ. ಮೊದಲೇ ಹಾಕಿದರೆ ಮಾಂಸ ಬೇಯುವ ಹೊತ್ತಿಗೆ ಆಲೂಗಡ್ಡೆ ಕಾಣಿಸುವುದಿಲ್ಲ. ತುಂಬುವಾಗ ಚೂಪು ಮೂಳೆಗಳನ್ನು ಮಾತ್ರ ತೆಗೆದುಬಿಡಿ, ಬ್ರೆಡ್ಡಿನ ಗೋಡೆ ತೂತಾಗುತ್ತದೆ.

ಪ್ರಶ್ನೆ: ನಾವು ಜೋಹಾನ್ಸ್‌ಬರ್ಗ್‌ನಲ್ಲಿದ್ದೇವೆ. ಇಲ್ಲಿ ಕೋಟಾ ಅಂತ ಮಾರುತ್ತಾರೆ, ಅದೂ ಬ್ರೆಡ್ ಕೊರೆದದ್ದೇ. ಎರಡೂ ಒಂದೇನಾ? (ಕನ್ನಡಿಗ ಓದುಗರು)

ನೆಂಟಸ್ತಿಕೆ ಇದೆ, ಆದರೆ ಒಂದೇ ಅಲ್ಲ. ಕೋಟಾದಲ್ಲೂ ಕಾಲು ಬ್ರೆಡ್ ಕೊರೆಯುತ್ತಾರೆ. ಒಳಗೆ ಹಾಕುವುದು ಕರಿದ ಆಲೂಗಡ್ಡೆ, ಪೊಲೋನಿ ಅನ್ನುವ ಮಾಂಸದ ತುಂಡು, ಚೀಸ್, ಮಾವಿನ ಅಚಾರು. ಅದು ಸೊವೆಟೋದಂಥ ಟೌನ್‌ಶಿಪ್‌ಗಳ, ಅಂದರೆ ವರ್ಣಭೇದದ ಕಾಲದಲ್ಲಿ ಕಪ್ಪು ಜನರನ್ನು ಬೇರೆ ಇರಿಸಿದ ಬಡಾವಣೆಗಳ ತಿಂಡಿ. ಅಚಾರನ್ನು ಅಲ್ಲೂ ಅಚಾರ್ ಅಂತಲೇ ಕರೆಯುತ್ತಾರೆ ನೋಡಿ. ರಜೆಯಲ್ಲಿ ಡರ್ಬನ್ ಕಡೆ ಹೋದರೆ ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್‌ನಲ್ಲಿ ಮಸಾಲೆ ಕೊಂಡುಕೊಳ್ಳಿ. ಗುಡ್ಡೆ ಹಾಕಿಟ್ಟು ಮಾರುತ್ತಾರೆ, ಖಾರ ಎಷ್ಟು ಬೇಕು ಅಂತ ಹೇಳಿದರೆ ಕಲಸಿ ಕೊಡುತ್ತಾರೆ. ಅಂಗಡಿಯಲ್ಲಿ "ಬೀನ್ಸ್ ಬನ್ನಿ" ಅಂದರೆ ಸಾಕು, ಚೌ ಅಂತ ಸೇರಿಸುವವರು ಅಲ್ಲಿ ಕಡಿಮೆ.

ಪ್ರಶ್ನೆ: ನಮ್ಮದೇ ಎಷ್ಟೋ ಅಡುಗೆಗಳು ಮರೆತುಹೋಗುತ್ತಿವೆ. ಅದನ್ನು ಬಿಟ್ಟು ಪರದೇಶದ ಬೀದಿ ತಿಂಡಿ ಯಾಕಮ್ಮಾ? (ಹಿರಿಯ ಓದುಗರು, ಧಾರವಾಡ)

ಅಣ್ಣಾ, ನಿಮ್ಮ ಕಳಕಳಿ ನನಗೆ ಗೊತ್ತು. ಈ ಅಂಕಣದಲ್ಲಿ ಮಾದಲಿ, ಕಡುಬು, ಪತ್ರೊಡೆ ಎಲ್ಲ ಬಂದಿವೆ, ಮುಂದೆಯೂ ಬರುತ್ತವೆ. ಆದರೆ ಬನ್ನಿ ಚೌವನ್ನು ಪರದೇಶದ್ದು ಅನ್ನಲು ನನಗೆ ಮನಸ್ಸು ಬಾರದು. ಹಡಗು ಹತ್ತಿದವರು ಓದು ಬಲ್ಲವರಲ್ಲ, ಪಾಕಪುಸ್ತಕ ಕೈಯಲ್ಲಿರಲಿಲ್ಲ. ಬರ ಬಂದು, ಸಾಲ ಏರಿ, ಊರು ಬಿಟ್ಟವರು ಅವರಲ್ಲಿ ಬಹಳ. ಕೊತ್ತಂಬರಿ, ಜೀರಿಗೆ, ಮೆಂತ್ಯ ಎಷ್ಟೆಷ್ಟು ಅನ್ನುವುದು ಕೈಗೆ ಗೊತ್ತಿತ್ತು. ಮಾತು ಹೋಯಿತು, ಊರಿನ ಹೆಸರು ಎಷ್ಟೋ ಮನೆಗಳಲ್ಲಿ ಮರೆತೇಹೋಯಿತು, ಅಳತೆ ಉಳಿಯಿತು. ಮರೆತುಹೋಗದೆ ಉಳಿದದ್ದನ್ನೂ ನಾವು ಗೌರವದಿಂದ ನೋಡಬೇಕು ಅಲ್ವಾ? ಆಂಟಿಯ ಮನೆಯಲ್ಲಿ ನಾನು ಉಂಡದ್ದು ನಮ್ಮೂರಿನ ಊಟವನ್ನೇ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಪ್ರಶ್ನೆ: ವೆಸ್ಟ್ ಇಂಡೀಸ್ ಕಡೆ ಡಬಲ್ಸ್ ಅಂತ ಒಂದು ತಿಂಡಿ ಇದೆಯಂತೆ. ಅದೂ ಇಂಥದ್ದೇನಾ? (ಕ್ರಿಕೆಟ್ ಪ್ರೇಮಿ, ಶಿವಮೊಗ್ಗ)

ಟ್ರಿನಿಡಾಡ್‌ನದು. ಅಲ್ಲಿಗೂ 1845ರಿಂದ ಕರಾರಿನ ಕೂಲಿಗಳು ಹೋಗಿದ್ದರು, ಹೆಚ್ಚಿನವರು ಉತ್ತರದವರು. ಅರಿಸಿನ ಹಾಕಿ ಕಲಸಿದ ಮೈದಾ ಹಿಟ್ಟನ್ನು ಹುದುಗು ಬರಿಸಿ, ಕೈಯಲ್ಲೇ ತಟ್ಟಿ, ಎಣ್ಣೆಯಲ್ಲಿ ಕರಿಯುತ್ತಾರೆ. ಅದಕ್ಕೆ ಬಾರಾ ಅಂತ ಹೆಸರು. ಎರಡು ಬಾರಾ ಮೇಲೆ ಕಾಬೂಲ್ ಕಡಲೆಯ ಕರಿ, ಹುಣಸೆ ಚಟ್ನಿ, ಖಾರದ ಸಾಸು. ಬೆಳಗಿನ ತಿಂಡಿಗೆ ರಸ್ತೆ ಬದಿಯಲ್ಲಿ ನಿಂತೇ ತಿನ್ನುವುದು. ಅದರ ಅಳತೆ ಇನ್ನೊಂದು ಸಲ ಕೊಡುತ್ತೇನೆ.

ಪ್ರಶ್ನೆ: ಇದನ್ನು ತಿನ್ನುವುದು ಹೇಗೆ? ಚಮಚದಲ್ಲಿ ತಿಂದೆವು, ಸರಿ ಅನ್ನಿಸಲಿಲ್ಲ. ಮಿಕ್ಕ ಕರಿ ಮಾರನೇ ದಿನಕ್ಕೆ ಬರುತ್ತದಾ? (ಓದುಗರು, ಚಿಕ್ಕಮಗಳೂರು)

ಕೈಯಲ್ಲೇ ತಿನ್ನಿ. ಮೇಲಿಟ್ಟ ತಿರುಳಿನ ಮುದ್ದೆಯಿಂದ ಶುರು ಮಾಡಿ, ಅದನ್ನು ಗ್ರೇವಿಯಲ್ಲಿ ಅದ್ದಿ. ಮೇಲಿನ ಒಂದಷ್ಟು ಕರಿ ಖಾಲಿಯಾದ ಮೇಲೆ ಗೋಡೆಯ ಮೇಲಂಚನ್ನು ಮುರಿದುಕೊಳ್ಳಿ. ಗ್ರೇವಿ ಎಲ್ಲಿಯವರೆಗೆ ಇದೆಯೋ ಅದರ ಕೆಳಗೆ ಮುರಿಯಬಾರದು. ಹಾಗೇ ಸುತ್ತುತ್ತಾ ಇಳಿಯಿರಿ. ಕೊನೆಗೆ ತಳ ಉಳಿಯುತ್ತದೆ, ಎಲ್ಲ ರುಚಿಯೂ ಅಲ್ಲೇ ಇಳಿದಿರುತ್ತದೆ, ಅದನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ. ಮೊದಲೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಮನೆಯಲ್ಲಿ ಬಾಳೆಲೆಯ ತುಂಡಿನ ಮೇಲಿಟ್ಟರೆ ಸಾಕು.

ಮಿಕ್ಕ ಕರಿ ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ, ಮಸಾಲೆ ಕಾಳಿನೊಳಗೆ ಹೋಗಿರುತ್ತದೆ. ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ರಾತ್ರಿ ಗಟ್ಟಿಯಾಗಿರುತ್ತದೆ, ಅರ್ಧ ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕುದಿಸಿಕೊಳ್ಳಿ. ಬ್ರೆಡ್ ಮಾತ್ರ ಆವತ್ತಿನದೇ ತನ್ನಿ. ಒಮ್ಮೆ ಕರಿ ತುಂಬಿದ ಬ್ರೆಡ್ಡನ್ನು ಎತ್ತಿಡಲು ಬರುವುದಿಲ್ಲ.